ರಾಜಧಾನಿ ಎದ್ದುಹೋದ ಮೇಲೆ

ಕರ್ನಾಟಕದ ಈಶಾನ್ಯ ಮೂಲೆಯಲ್ಲಿ ರಾಜಧಾನಿಗಳು ಎದ್ದುಹೋಗುವುದು ಹಳೆಯ ರೂಢಿ. ಕಾಗಿಣಾ ನದಿಯ ದಂಡೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು, ಇಂದಿನ ಬಸವಕಲ್ಯಾಣ ಚಾಲುಕ್ಯರ ಕಲ್ಯಾಣವಾಗಿತ್ತು. ಅರಸೊತ್ತಿಗೆ ಮುಗಿದಾಗ ಎರಡೂ ತಮ್ಮ ಗಾತ್ರವನ್ನು ಕಳೆದುಕೊಂಡು, ಮೊದಲನೆಯದು ಸಿಮೆಂಟ್ ಕಾರ್ಖಾನೆಯ ಮಗ್ಗುಲಿನ ಊರಾಗಿ, ಎರಡನೆಯದು ತಾಲೂಕು ಕೇಂದ್ರವಾಗಿ ಉಳಿದವು. ಕಲಬುರಗಿಯ ಜಾತಕವೂ ಬೇರೆಯಾಗಿರಬೇಕಿರಲಿಲ್ಲ. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಗಿ ಅಹಸನಾಬಾದ್ ಎಂದು ಹೆಸರು ಪಡೆದ ಈ ಊರು ಸುಮಾರು ಎಂಬತ್ತು ವರ್ಷಗಳ ಬಳಿಕ ಆ ಪಟ್ಟವನ್ನು ಬೀದರಿಗೆ ಬಿಟ್ಟುಕೊಟ್ಟಿತು. ಆದರೂ 2011ರ ಜನಗಣತಿಯ ವೇಳೆಗೆ ಅದರ ಜನಸಂಖ್ಯೆ ಐದು ಲಕ್ಷವನ್ನು ದಾಟಿತ್ತು, ಮತ್ತು ಅದನ್ನು ಬಿಟ್ಟುಹೋದ ಸುಲ್ತಾನರ ಬೀದರ್ ಇಂದಿಗೂ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು. ಅರಸರು ಹೋದ ಮೇಲೆ ಒಂದು ಊರನ್ನು ಹಿಡಿದು ನಿಲ್ಲಿಸುವುದು ಏನು ಎಂಬ ಪ್ರಶ್ನೆಗೆ ಕಲಬುರಗಿಯ ಬೀದಿಗಳಲ್ಲಿ ಸಿಗುವ ಉತ್ತರ ಕೆಲವು ಮನೆತನಗಳ ಬಾಗಿಲುಗಳಲ್ಲಿದೆ.

ಆ ಬಾಗಿಲುಗಳನ್ನು ಹುಡುಕುವವರು ಮೊದಲು ಕೋಟೆಯನ್ನು ಹೊಕ್ಕು ಹೊರಬರಬೇಕಾಗುತ್ತದೆ. ಕಪ್ಪು ಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ 1367ರ ಜಾಮಿಯಾ ಮಸೀದಿ. ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇಲ್ಲಿ ಇಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳದೇ ಹೊದಿಕೆ, ಒಳಗೆ ಅಗಲವಾದ ಕಮಾನುಗಳ ಸಾಲಿನ ನಡುವೆ ಬಿಸಿಲುಗಾಲದ ಮಧ್ಯಾಹ್ನದಲ್ಲೂ ತಂಪು. ಇದನ್ನು ಕಟ್ಟಿಸಿದವನು ಇರಾನಿನ ಕಜ್ವೀನ್ ಊರಿನಿಂದ ಬಂದ ರಫಿ ಎಂಬುವನೆಂದು ಶಾಸನ ಹೇಳುತ್ತದೆ. ಆದರೆ ಈ ಕೋಟೆಯ ವಿಚಾರದಲ್ಲಿ ಪ್ರವಾಸಿ ಕೈಪಿಡಿಗಳು ಹೇಳದೆ ಬಿಡುವ ಸಂಗತಿಯೊಂದಿದೆ: ಸುಲ್ತಾನರು ಖಾಲಿ ಮಾಡಿದ ಈ ಗೋಡೆಗಳೊಳಗೆ ಹಲವು ತಲೆಮಾರುಗಳಿಂದ ಸಾಮಾನ್ಯ ಕುಟುಂಬಗಳು ಮನೆ ಕಟ್ಟಿಕೊಂಡು ಬಾಳಿವೆ, ಸಂರಕ್ಷಿತ ಸ್ಮಾರಕದೊಳಗಿನ ಆ ಮನೆಗಳ ತೆರವಿನ ತಕರಾರು ನ್ಯಾಯಾಲಯದವರೆಗೂ ಹೋಗಿದೆ. ಅರಮನೆ ಹಾಳಾಗಿ ಒಲೆಗಳು ಮಾತ್ರ ಉಳಿದಿರುವ ಕೋಟೆ ಇದು.

ಸುಲ್ತಾನರ ಮನೆತನವನ್ನೇ ನೋಡಬೇಕಾದರೆ ಹಫ್ತ್ ಗುಂಬಜ್‌ಗೆ ಹೋಗಬೇಕು. ಫಾರಸಿಯಲ್ಲಿ ಹಫ್ತ್ ಎಂದರೆ ಏಳು. ಬಹಮನಿ ಅರಸರ ಹಾಗೂ ಅವರ ಬಂಧುಗಳ ಗೋರಿಗಳ ಗುಂಪಿಗೆ ಈ ಹೆಸರು. ಇವುಗಳಲ್ಲಿ ದೊಡ್ಡದು 1422ರಲ್ಲಿ ತೀರಿಕೊಂಡ ಫಿರೋಜ್ ಶಾನದು. ಎರಡು ಕೋಣೆಗಳನ್ನು ಜೋಡಿಸಿ ಎರಡು ಗುಮ್ಮಟ ಹೊದಿಸಿದ ಇದರಲ್ಲಿ ಗಚ್ಚಿನ ಕೆತ್ತನೆಯೂ ಗುಡಿಗಳ ಶಿಲ್ಪಿಗಳ ಕೈ ನೆನಪಿಸುವ ಕಲ್ಲಿನ ಚಾಚುಗಳೂ ಒಟ್ಟಿಗೆ ಇವೆ. ಇದು ಚೆಲುವಾದ ಕಟ್ಟಡ, ಅದರಲ್ಲಿ ಅನುಮಾನವಿಲ್ಲ. ಆದರೆ ಇಲ್ಲಿ ದೀಪ ಹಚ್ಚಲು, ಹೂವು ಹಾಕಲು ಬರುವ ವಾರಸುದಾರರಿಲ್ಲ. ಕಾವಲಿಗೆ ಪುರಾತತ್ವ ಇಲಾಖೆಯಿದೆ, ಹುಲ್ಲುಹಾಸಿನಲ್ಲಿ ಪರೀಕ್ಷೆಗೆ ಓದುವ ಹುಡುಗರಿದ್ದಾರೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಇನ್ನೊಂದು ಗೋರಿಯ ಮುಂದೆ ಮಾತ್ರ ಹಗಲು ರಾತ್ರಿ ಜನ ಇರುತ್ತಾರೆ, ಮತ್ತು ಆ ಗೋರಿಯಲ್ಲಿ ಮಲಗಿದವರು ತೀರಿಕೊಂಡದ್ದೂ ಅದೇ 1422ರಲ್ಲಿ.

ಅವರು ಸೈಯದ್ ಮುಹಮ್ಮದ್ ಹುಸೈನಿ, ಜನರ ಬಾಯಲ್ಲಿ ಖ್ವಾಜಾ ಬಂದೇ ನವಾಜ್. ನೀಳ ಕೂದಲಿನವರು ಎಂಬರ್ಥದ ಗೇಸೂದರಾಜ್ ಎಂಬುದು ಅವರ ಇನ್ನೊಂದು ಹೆಸರು. 1321ರಲ್ಲಿ ಹುಟ್ಟಿದ ಅವರು ದೆಹಲಿಯಲ್ಲಿ ಚಿಶ್ತಿ ಸೂಫಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರಾಗಿ, 1398ರಲ್ಲಿ ತೈಮೂರನ ದಂಡು ದೆಹಲಿಯ ಮೇಲೆ ಬಂದಾಗ ಆ ನಗರವನ್ನು ಬಿಟ್ಟು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಕಲಬುರಗಿ ಸೇರಿದರು. ಬರಮಾಡಿಕೊಂಡವನು ಫಿರೋಜ್ ಶಾನೇ ಆದರೂ ವಿದ್ಯಾಭಿಮಾನಿಯಾದ ಸುಲ್ತಾನನಿಗೂ ಸಂತರಿಗೂ ಕಾಲ ಕಳೆದಂತೆ ಹೊಂದಲಿಲ್ಲ. ಸುಲ್ತಾನನ ತಮ್ಮ ಅಹಮದನ ಮೇಲೆ ಸಂತರ ಒಲವಿತ್ತು. ಅಹಮದ್ ಪಟ್ಟಕ್ಕೆ ಬಂದ ಮೇಲೆ ಸಂತರ ಮನೆತನಕ್ಕೆ ಊರುಗಳನ್ನು ಇನಾಮಾಗಿ, ಅಂದರೆ ಕಂದಾಯವಿಲ್ಲದ ಭೂಮಿಯಾಗಿ ಕೊಟ್ಟ, ಬಳಿಕ ತಾನು ರಾಜಧಾನಿಯನ್ನು ಬೀದರಿಗೆ ಒಯ್ದ. ಸುಲ್ತಾನ ಹೋದ, ಇನಾಮು ಉಳಿಯಿತು. ಕಲಬುರಗಿ ಹಾಳು ಬೀಳದೆ ಉಳಿದದ್ದಕ್ಕೆ ಇದೊಂದು ಕಾರಣವೆನ್ನಲು ಅಡ್ಡಿಯಿಲ್ಲ, ಏಕೆಂದರೆ ದರ್ಗಾಕ್ಕೆ ಬರುವ ಜನರಿಗೆ ರಾಜಧಾನಿ ಯಾವುದೆಂಬುದು ಮುಖ್ಯವಾಗಿರಲಿಲ್ಲ.

ದರ್ಗಾದ ಮುಖ್ಯಸ್ಥರನ್ನು ಸಜ್ಜಾದೆ ನಶೀನ್ ಎನ್ನುತ್ತಾರೆ. ಸಜ್ಜಾದೆ ಎಂದರೆ ಪ್ರಾರ್ಥನೆಗೆ ಹಾಸುವ ಜಮಖಾನೆ, ನಶೀನ್ ಎಂದರೆ ಅದರ ಮೇಲೆ ಕುಳಿತವರು; ಗುರುವಿನ ಹಾಸು ವಂಶದಲ್ಲಿ ಇಳಿದು ಬರುತ್ತದೆ ಎಂಬುದು ಪದದ ಹಿಂದಿನ ಕಲ್ಪನೆ. ವರ್ಷಕ್ಕೊಮ್ಮೆ ಇಸ್ಲಾಮೀ ಪಂಚಾಂಗದ ಜಿಲ್ಕಾದ್ ತಿಂಗಳಲ್ಲಿ ಉರುಸು ನಡೆಯುತ್ತದೆ. ಉರುಸು ಎಂಬ ಅರಬ್ಬಿ ಪದದ ಮೂಲ ಅರ್ಥ ಮದುವೆ. ಸಂತರ ಮರಣವನ್ನು ದೇವರೊಡನೆ ಕೂಡುವ ಮದುವೆಯೆಂದು ಭಾವಿಸಿ ಈ ಹೆಸರು. ನಗರದ ಸಾರ್ವಜನಿಕ ಉದ್ಯಾನವಾದ ಮೆಹಬೂಬ್ ಗುಲ್ಶನ್‌ನಿಂದ ಸಂದಲ್, ಎಂದರೆ ಗೋರಿಗೆ ಲೇಪಿಸುವ ಗಂಧ, ಮೆರವಣಿಗೆಯಲ್ಲಿ ಹೊರಟು ಪೇಟೆಯ ನಡುವೆ ಹಾದು ದರ್ಗಾ ಮುಟ್ಟುತ್ತದೆ. ದರ್ಗಾದ ಸುತ್ತಲ ಬಡಾವಣೆಗೆ ರೋಜಾ ಎಂದೇ ಹೆಸರು; ರೋಜಾ ಎಂದರೆ ಇಲ್ಲಿ ಹೂವಲ್ಲ, ಸಮಾಧಿಯಿರುವ ತೋಟ.

ರೋಜಾದಿಂದ ಕೆಲವೇ ನಿಮಿಷಗಳ ಆಟೋ ಪ್ರಯಾಣದಲ್ಲಿ ಶರಣಬಸವೇಶ್ವರ ದೇವಾಲಯ ಬರುತ್ತದೆ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ ಕಲಬುರಗಿಯಲ್ಲಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಒಕ್ಕಲುತನದ ಮನೆಯವರು. ಅವರ ಕೀರ್ತಿ ನಿಂತಿರುವುದು ದಾಸೋಹದ ಮೇಲೆ. ಹನ್ನೆರಡನೆಯ ಶತಮಾನದ ಶರಣರು ಬಳಸಿದ ಈ ಪದಕ್ಕೆ ತಾನು ದುಡಿದದ್ದನ್ನು ದಾಸಭಾವದಿಂದ ಸಮಾಜಕ್ಕೆ ಸಲ್ಲಿಸುವುದು ಎಂಬ ಅರ್ಥವಿದ್ದರೆ, ಕಲಬುರಗಿ ಸೀಮೆಯಲ್ಲಿ ಅದಕ್ಕೆ ಇನ್ನೂ ನೇರವಾದ ಅರ್ಥ: ಬಂದವರಿಗೆ ಜಾತಿ ಕೇಳದೆ ರೊಟ್ಟಿ ಹಾಕುವುದು. ಮಳೆ ನಂಬಲಾಗದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ದಾನಕ್ಕೆ ರಾಜನ ಸನದು ಬೇಕಿದ್ದರೆ, ದಾಸೋಹಕ್ಕೆ ಊರೂರಿನ ಹೊಲದಿಂದ ಬರುವ ಜೋಳದ ಚೀಲ ಸಾಕು.

ಶರಣಬಸವೇಶ್ವರರ ನಂತರ ಅವರ ಸಂಸ್ಥಾನದ ಹೊಣೆ ಆದಿ ದೊಡ್ಡಪ್ಪ ಅಪ್ಪನವರಿಗೆ ಬಂತು. ಇಲ್ಲಿ ಅಪ್ಪ ಎಂಬುದು ಹೆಸರಿನ ಕೊನೆಯ ಪದವೂ ಹೌದು, ಪದವಿಯೂ ಹೌದು; ನಗರದಲ್ಲಿ ಬರೀ ‘ಅಪ್ಪಾ ಅವರು’ ಎಂದರೆ ಯಾರೆಂದು ಕೇಳುವವರಿಲ್ಲ, ದೇವಾಲಯದ ಮುಂದಿನ ಕೆರೆಗೂ ಅಪ್ಪನ ಕೆರೆ ಎಂದೇ ಹೆಸರು. ವಿರಕ್ತ ಮಠಗಳಲ್ಲಿ ಪೀಠ ಶಿಷ್ಯರಿಗೆ ಹೋಗುತ್ತದೆ. ಈ ಸಂಸ್ಥಾನದ ಪೀಠಾಧಿಪತಿಗಳು ಸಂಸಾರಿಗಳಾದ್ದರಿಂದ ಪೀಠ ಮಕ್ಕಳಿಗೆ ಇಳಿಯುತ್ತದೆ. ಹೋಳಿಯ ಆಸುಪಾಸಿನ ಜಾತ್ರೆಯಲ್ಲಿ ಮೊದಲ ದಿನ ಉಚ್ಚಾಯಿ ಎಂಬ ಚಿಕ್ಕ ತೇರು, ಮರುದಿನ ದೊಡ್ಡ ತೇರು ಎಳೆಯುತ್ತಾರೆ. ತೇರು ಹೊರಡುವ ಮುನ್ನ ಪೀಠಾಧಿಪತಿಗಳು ಪರುಷ ಬಟ್ಟಲನ್ನು ಎತ್ತಿ ತೋರಿಸುತ್ತಾರೆ. ಅದು ಶರಣಬಸವೇಶ್ವರರ ಪ್ರಸಾದದ ಬಟ್ಟಲೆಂಬ ನಂಬಿಕೆ. ಮುಟ್ಟಿದ ಕಬ್ಬಿಣವನ್ನು ಚಿನ್ನ ಮಾಡುವ ಪರುಷಮಣಿಯ ಹೆಸರನ್ನು ಉಣ್ಣುವ ಬಟ್ಟಲಿಗೆ ಕೊಟ್ಟ ಜನರ ಆರ್ಥಿಕ ವಿವೇಕ ಮೆಚ್ಚತಕ್ಕದ್ದು.

ಹೀಗೆ ಎರಡು ಮನೆತನಗಳು ಎರಡು ಧರ್ಮಗಳ ಒಳಗೆ ನಿಂತು ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತಿದ್ದ ಊರಿಗೆ ಮೂರನೆಯದಾಗಿ ಬಂದದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಗಳು ಸೊಲ್ಲಾಪುರದಿಂದ ಕಲಬುರಗಿ ಹಾದು 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗಳನ್ನು ಕೂಡಿಕೊಂಡವು. ಮುಂಬಯಿ ಮದ್ರಾಸುಗಳ ನಡುವಿನ ಸಾಲಿನಲ್ಲಿ ನಿಲ್ದಾಣವಾದ ಊರು ಹತ್ತಿಯ ಪೇಟೆಯಾಯಿತು. ಮಾರವಾಡಿ ವರ್ತಕರೂ ಲಿಂಗಾಯತ ಅಡತಿದಾರರೂ, ಅಂದರೆ ರೈತನ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವವರೂ, ಗಂಜ್ ಎಂಬ ಧಾನ್ಯಪೇಟೆಯಲ್ಲಿ ನೆಲೆಯೂರಿದರು. 19ನೆಯ ಶತಮಾನ ಮುಗಿಯುವ ಮೊದಲೇ, ಆಗ ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರಿನಲ್ಲಿ ಮೆಹಬೂಬ್ ಶಾಹಿ ಕುಲಬರ್ಗಾ ಮಿಲ್ ಎದ್ದಿತು. ಅಷ್ಟುದ್ದದ ಹೆಸರನ್ನು ಯಾರೂ ಹೇಳಲಿಲ್ಲ, ಎಂ.ಎಸ್.ಕೆ. ಮಿಲ್ ಎಂದೇ ಅದು ರೂಢಿಯಾಯಿತು, ಮಗ್ಗಗಳು ನಿಂತು ಎಷ್ಟೋ ಕಾಲವಾದರೂ ಆ ಭಾಗದ ನಿಲುಗಡೆಗೆ ಇವತ್ತಿಗೂ ಅದೇ ಹೆಸರು. ಗಂಜಿನಲ್ಲಿ ಹತ್ತಿಗಿಂತ ತೊಗರಿ ಮುಂದಾಗಿ, ದಾಲ್ ಮಿಲ್ಲುಗಳು ಎದ್ದದ್ದು ಅನಂತರದ ಕಥೆ. 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಸೂಚಿ, ಅಂದರೆ ಇಂಥ ನೆಲದ ಬೆಳೆ ಇದೇ ಎಂಬ ಕಾನೂನಿನ ಮುದ್ರೆ ದೊರೆಯಿತು.

ನಿಜಾಮರ ಆಡಳಿತದಲ್ಲಿ ನಾಡಿನ ಬಹುಭಾಗ ಜಾಗೀರುಗಳಲ್ಲಿ ಹಂಚಿಹೋಗಿತ್ತು. ಜಾಗೀರು ಎಂದರೆ ಕಂದಾಯ ವಸೂಲಿಯ ಹಕ್ಕಿನೊಡನೆ ಒಬ್ಬ ಉಂಬಳಿದಾರನಿಗೆ ಬಿಟ್ಟ ಪ್ರದೇಶ. ಪಾಯಗಾ ಎಂಬುದು ನಿಜಾಮರಿಗೆ ಕುದುರೆ ದಂಡು ಒದಗಿಸುತ್ತ ಅವರೊಡನೆ ರಕ್ತಸಂಬಂಧವನ್ನೂ ಬೆಳೆಸಿದ ಅಮೀರರ ಹಿಡುವಳಿ. ಈ ಅಮೀರರು ಹೈದರಾಬಾದಿನಲ್ಲಿ ಇರುತ್ತಿದ್ದರು, ಅವರ ಅರಮನೆಗಳೂ ಗೋರಿಗಳೂ ಅಲ್ಲೇ ಇವೆ. ಕಲಬುರಗಿ ಸೀಮೆ ಅವರಿಗೆ ವಸೂಲಿಯ ಲೆಕ್ಕದ ಪುಟವಾಗಿತ್ತೇ ಹೊರತು ಊರಾಗಿರಲಿಲ್ಲ. ಇಷ್ಟು ದೊಡ್ಡ ಒಡೆತನವಿದ್ದ ಆ ಕುಟುಂಬಗಳನ್ನು ಇಲ್ಲಿನ ಇಂದಿನ ಪೀಳಿಗೆ ಹೆಸರು ಹಿಡಿದು ಹೇಳಲಾರದು ಎಂಬುದು ಗಮನಿಸಬೇಕಾದ ಮಾತು. 1949ರ ಜಾಗೀರು ರದ್ದತಿಯ ಕಟ್ಟಳೆಯೊಡನೆ ಅವರ ಪುಟ ಮುಗಿಯಿತು.

ಆ ಕಾಲದ ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಕನ್ನಡದ ಮಗು ಶಾಲೆಯಲ್ಲಿ ಪರಭಾಷೆಯಲ್ಲಿ ಲೆಕ್ಕ ಕಲಿಯಬೇಕಿದ್ದ ಆ ದಿನಗಳಲ್ಲಿ ಖಾಸಗಿ ಶಾಲೆ ತೆಗೆಯುವುದು ಬಹಳ ಮಟ್ಟಿಗೆ ರಾಜಕೀಯದ ಕೆಲಸವೇ ಆಗಿತ್ತು. 1907ರಷ್ಟು ಹಿಂದೆ ಹುಟ್ಟಿದ ನೂತನ ವಿದ್ಯಾಲಯ, ಏಳನೆಯ ಪೀಠಾಧಿಪತಿ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ತೆರೆದ ಮಹಾದೇವಿ ಶಾಲೆ ಇಂಥವು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಊರಿನಲ್ಲಿ ಕೂಡಿದಾಗ ಕನ್ನಡಕ್ಕೆ ಇಲ್ಲಿ ಸರ್ಕಾರಿ ಆಸರೆ ಇರಲಿಲ್ಲ. ಮತ್ತೆ 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಸೇರಿದಾಗ ನಿಜಾಮರ ಆಳ್ವಿಕೆ ಮುಗಿದು ವರ್ಷ ಕಳೆದಿತ್ತಷ್ಟೆ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಊರಿನ ಮನೆತನಗಳ ಪ್ರತಿಷ್ಠೆಯ ನಾಣ್ಯವೇ ಬದಲಾಯಿತು. ಭೂಮಿ ಇನಾಮುಗಳ ಕಾಲ ಮುಗಿಯುತ್ತಿತ್ತು. ಕಾಲೇಜು ಕಟ್ಟುವವರು ಊರಿನ ಹಿರಿಯರಾದರು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು; ಅದರ ಎಂಜಿನಿಯರಿಂಗ್ ಕಾಲೇಜಿಗೆ ದೊಡ್ಡಪ್ಪ ಅಪ್ಪನವರ ಹೆಸರು, 1963ರ ವೈದ್ಯಕೀಯ ಕಾಲೇಜಿಗೆ ರಾಂಪುರೆಯವರದೇ ಹೆಸರು. ಕಾನೂನು ಕಾಲೇಜು ಸೇಠ್ ಶಂಕರಲಾಲ್ ಲಾಹೋಟಿಯವರ ಹೆಸರಿನಲ್ಲಿದೆ. ದರ್ಗಾದ ಮನೆತನ ಖಾಜಾ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಬೀಬಿ ರಜಾ ಹೆಸರಿನಲ್ಲಿ ಹೆಣ್ಣುಮಕ್ಕಳ ಕಾಲೇಜು ತೆಗೆಯಿತು. ಎರಡು ಮನೆತನಗಳ ಹಾದಿ ಎಷ್ಟು ಸಮಾನಾಂತರವಾಗಿ ಸಾಗಿತೆಂದರೆ, 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಆರಂಭವಾದರೆ 2018ರಲ್ಲಿ ಖಾಜಾ ಬಂದೇನವಾಜ್ ವಿಶ್ವವಿದ್ಯಾಲಯ ಬಂತು. ಕಾಲೇಜಿನ ಪ್ರವೇಶ ಶುಲ್ಕಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ಆದರೂ ಈ ಸಂಸ್ಥೆಗಳಿಲ್ಲದಿದ್ದರೆ ಜಿಲ್ಲೆಯ ಮೊದಲ ತಲೆಮಾರಿನ ವೈದ್ಯರೂ ಎಂಜಿನಿಯರುಗಳೂ ಬೇರೆ ಊರುಗಳಲ್ಲಿ ಕೊಠಡಿ ಹುಡುಕಬೇಕಾಗುತ್ತಿತ್ತು.

ಮೂರನೆಯ ಬಗೆಯ ಮನೆತನಗಳು ರಾಜಕೀಯದವು. ಚಿಂಚೋಳಿ ಕಡೆಯ ವೀರೇಂದ್ರ ಪಾಟೀಲರು ಎರಡು ಬಾರಿ, ಜೇವರ್ಗಿ ತಾಲೂಕಿನ ನೆಲೋಗಿಯ ಧರ್ಮಸಿಂಗ್ 2004ರಿಂದ 2006ರವರೆಗೆ ಮುಖ್ಯಮಂತ್ರಿಗಳಾದರು. ಧರ್ಮಸಿಂಗ್ ಮತ್ತು ಮಲ್ಲಿಕಾರ್ಜುನ ಖರ್ಗೆಯವರ ಜೋಡಿಯನ್ನು ಜನ ಲವಕುಶ ಎಂದು ಕರೆದರು. ಇವರಲ್ಲಿ ಖರ್ಗೆಯವರ ದಾರಿ ನಗರದ ಇತಿಹಾಸಕ್ಕೆ ಹೆಚ್ಚು ಹತ್ತಿರದ್ದು. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿ, ನಿಜಾಮರ ಪರವಾದ ರಜಾಕಾರ ಪಡೆಯ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡು, ತಂದೆಯೊಡನೆ ಕಲಬುರಗಿ ಸೇರಿದ ಹುಡುಗನ ಮನೆ ನಡೆದದ್ದು ಎಂ.ಎಸ್.ಕೆ. ಮಿಲ್ಲಿನ ಕೂಲಿಯಿಂದ, ಓದಿದ್ದು ನೂತನ ವಿದ್ಯಾಲಯದಲ್ಲಿ, ವಕೀಲಿ ಕಲಿತದ್ದು ಲಾಹೋಟಿ ಕಾಲೇಜಿನಲ್ಲಿ, ಮುಂದೆ ಅದೇ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರನಾದದ್ದು. 1972ರಿಂದ ಸತತ ಒಂಬತ್ತು ಬಾರಿ ಶಾಸಕರಾಗಿ, 2022ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದ ಈ ಬದುಕಿನಲ್ಲಿ ನಿಜಾಮರ ಹೆಸರಿನ ಗಿರಣಿ, ಖಾಸಗಿ ಶಾಲೆ, ವರ್ತಕರ ದಾನದ ಕಾಲೇಜು ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ಹಳೆಯ ಮನೆತನಗಳು ಕಟ್ಟಿದ ಸಂಸ್ಥೆಗಳ ಮೆಟ್ಟಿಲೇರಿ ಮನೆತನವಿಲ್ಲದವರು ಮೇಲೆ ಬಂದರು, ಬಂದವರು ಈಗ ತಾವೂ ಮನೆತನವಾಗಿದ್ದಾರೆ: ಖರ್ಗೆಯವರ ಮಗ ಪ್ರಿಯಾಂಕ್ ಸಚಿವರು, ಧರ್ಮಸಿಂಗರ ಮಗ ಅಜಯ್ ಸಿಂಗ್ ಜೇವರ್ಗಿಯ ಶಾಸಕರು.

ಈಚೆಗೆ ಒಂಬತ್ತು ತಿಂಗಳ ಅಂತರದಲ್ಲಿ ನಗರದ ಎರಡೂ ಹಳೆಯ ಗಾದಿಗಳು ಬದಲಾದವು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೂಫಿ ಚಿಂತನೆಯನ್ನು ಓದಿ ಬಂದಿದ್ದ ಸಜ್ಜಾದೆ ನಶೀನ್ ಸೈಯದ್ ಶಾ ಖುಸ್ರೋ ಹುಸೈನಿಯವರು 2024ರ ನವೆಂಬರಿನಲ್ಲಿ ತೀರಿಕೊಂಡು, ಅವರ ಮಗ ಆ ಸ್ಥಾನಕ್ಕೆ ಬಂದರು. 2025ರ ಆಗಸ್ಟ್ 14ರಂದು ಎಂಟನೆಯ ಪೀಠಾಧಿಪತಿ ಶರಣಬಸಪ್ಪ ಅಪ್ಪನವರು ಲಿಂಗೈಕ್ಯರಾದರು. ಒಂಬತ್ತನೆಯವರಾಗಿ ಪೀಠವೇರಿದ ಮಗ 2017ರಲ್ಲಿ ಹುಟ್ಟಿದ ಬಾಲಕ. ಪರುಷ ಬಟ್ಟಲನ್ನು ಎತ್ತಬೇಕಾದದ್ದು ಇನ್ನು ಆ ಪುಟ್ಟ ಕೈಗಳು.

ನಗರ ಹೊರಮುಖವಾಗಿ ಬೆಳೆಯುತ್ತಿರುವ ಬಗೆ ಹುಮನಾಬಾದ್ ರಸ್ತೆಯಲ್ಲಿ ಕಾಣುತ್ತದೆ. ರಿಂಗ್ ರೋಡ್ ದಾಟಿದರೆ ಕಪನೂರಿನ ಕೈಗಾರಿಕಾ ಪ್ರದೇಶ, ಅದರಾಚೆ ಬಡಾವಣೆಗಳ ನಕಾಶೆಯ ಫಲಕಗಳು, ಇನ್ನೂ ಆಚೆ ತೊಗರಿಯ ಎರೆ ಹೊಲ. ಎರೆ ಎಂದರೆ ಮಳೆಗೆ ಅಂಟಾಗಿ ಬಿಸಿಲಿಗೆ ಬಿರಿಯುವ ಕಪ್ಪು ಮಣ್ಣು. ಮಹಾಗಾಂವ್ ಕ್ರಾಸ್ ಕಳೆದು ಸಾಗುವಾಗ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟದ ಗೋರಿಗಳು ಬಯಲಿನಲ್ಲಿ ನಿಂತಿವೆ. ರಾಜಧಾನಿ ಕಲಬುರಗಿಯಿಂದ ಬೀದರಿಗೆ ಸಾಗಿದ್ದು ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ. ದಾರಿಯಲ್ಲಿ ಬಿಟ್ಟುಹೋದ ಸಾಮಾನಿನಂತೆ ಕಾಣುವ ಆ ಗೋರಿಗಳ ಬಳಿ ಪ್ರವಾಸಿಗರು ಅಪರೂಪ.

ಸುಮಾರು 35 ಕಿಲೋಮೀಟರಿನ ಬಳಿಕ ನೆಲ ಏರುತ್ತದೆ, ಗುಡ್ಡಗಳ ಮಗ್ಗುಲಲ್ಲಿ ಕಮಲಾಪುರ ಬರುತ್ತದೆ. ಯಡ್ರಾಮಿ, ಕಾಳಗಿ, ಶಹಾಬಾದಗಳ ಜೊತೆಗೆ ಈಚೆಗೆ ಹೊಸ ತಾಲೂಕಾದ ಊರು. ತಹಶೀಲ್ದಾರ್ ಕಚೇರಿ ಬಂದಿದೆ, ಹೆದ್ದಾರಿಯುದ್ದಕ್ಕೂ ಅಂಗಡಿಗಳಿವೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಈ ಭಾಗವನ್ನೇ ಹಾಯುತ್ತದೆ. ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿದ್ದು ಆ ಮಾರ್ಗದ ಕಷ್ಟದ ಕೆಲಸಗಳಲ್ಲಿ ಒಂದು. ಕಲಬುರಗಿಗೆ ರೈಲು ಬಂದು ಸುಮಾರು ಒಂದೂವರೆ ಶತಮಾನದ ನಂತರ ಬೀದರಿನ ಜೊತೆ ಅದರ ನೇರ ಹಳಿ ಕೂಡಿತು. ಎರಡೂ ಒಂದೇ ಅರಸೊತ್ತಿಗೆಯ ರಾಜಧಾನಿಗಳಾಗಿದ್ದವೆಂಬುದನ್ನು ರೈಲು ಇಲಾಖೆ ನೆನಪಿಸಿಕೊಳ್ಳಲು ಇಷ್ಟು ಕಾಲ ಬೇಕಾಯಿತು.

ಕಮಲಾಪುರದ ಹೆಸರು ಹೊರಗೆ ತಿಳಿದಿರುವುದು ಕೆಂಪು ಬಾಳೆಯಿಂದ. ಸಿಪ್ಪೆ ತಾಮ್ರದ ಕೆಂಪು, ಒಳಗಿನ ತಿರುಳು ಕೆನೆ ಬಣ್ಣ. ಗಿಡ ಎತ್ತರವಾದದ್ದು, ಗೊಬ್ಬರ ಹೆಚ್ಚು ಬೇಡುವಂಥದ್ದು, ನೆಟ್ಟ ಮೇಲೆ ಗೊನೆ ಕೊಯ್ಯಲು ಸುಮಾರು 18 ತಿಂಗಳು ಕಾಯಿಸುವಂಥದ್ದು. ಬೇರೆ ಬಾಳೆ ವರ್ಷದೊಳಗೋ ವರ್ಷದ ಆಸುಪಾಸಿನಲ್ಲೋ ಕೈಗೆ ಬರುವಾಗ ಇದು ಅರ್ಧ ವರ್ಷ ಹೆಚ್ಚಿಗೆ ನೆಲವನ್ನು ಹಿಡಿದಿರುತ್ತದೆ. ಬೆಳೆಯುವ ಖರ್ಚೂ ಹೀಗೆ ಏರುವುದರಿಂದ ಇದಕ್ಕೆ ಶ್ರೀಮಂತರ ಹಣ್ಣು ಎಂಬ ಹೆಸರು ಬಿತ್ತು. ಭೌಗೋಳಿಕ ಸೂಚಿ ದೊರೆತ ಮೇಲೂ ಬೆಳೆಯ ವಿಸ್ತಾರ ಚಿಕ್ಕದು, ಕಮಲಾಪುರ ಮತ್ತು ಆಸುಪಾಸಿನ ಕೆಲವು ಹಳ್ಳಿಗಳಿಗೆ ಸೀಮಿತ. ಬಾಳೆಗೆ ಬೀಜವಿಲ್ಲ. ತಾಯಿಗಿಡ ಒಮ್ಮೆ ಗೊನೆ ಬಿಟ್ಟರೆ ಅದನ್ನು ಕಡಿಯುತ್ತಾರೆ, ಬುಡದಲ್ಲಿ ಎದ್ದ ಕಂದು ಮುಂದಿನ ಗಿಡವಾಗುತ್ತದೆ. ಹೊಸ ಹೊಲಕ್ಕೆ ಬೇಕಾದರೆ ಹಳೆಯ ತೋಟದವರಿಂದ ಕಂದು ಕೇಳಿ ತರಬೇಕು. ಸನದು, ಶಾಸನ, ಪೀಠಗಳ ಯಾವ ದಾಖಲೆಯೂ ಇಲ್ಲದೆ ಕಮಲಾಪುರದ ರೈತ ಕುಟುಂಬಗಳು ಒಂದು ವಂಶವನ್ನು ಹೀಗೆ ಗಡ್ಡೆಯಿಂದ ಗಡ್ಡೆಗೆ ಕಾಯ್ದುಕೊಂಡು ಬಂದಿವೆ, ಮತ್ತು ಆ ಕುಟುಂಬಗಳ ಹೆಸರು ಯಾವ ಕಾಲೇಜಿನ ಕಮಾನಿನ ಮೇಲೂ ಇಲ್ಲ.

ಹೆದ್ದಾರಿಯ ಅಂಗಡಿಗಳ ಮುಂದೆ ಕೆಂಪು ಗೊನೆಗಳು ತೂಗುತ್ತಿರುತ್ತವೆ. ಬೀದರಿನ ಕಡೆಯ ಬಸ್ಸು ನಿಂತರೆ ಕಿಟಕಿಯಿಂದಲೇ ಡಜನ್ ಎಷ್ಟು ಎಂದು ಕೇಳುವವರಿದ್ದಾರೆ. ಅಂಗಡಿಯವನು ಹೇಳಿದ ಬೆಲೆ ಕೇಳಿ, ಕಂಡಕ್ಟರ್ ಸೀಟಿ ಊದುವುದರೊಳಗೆ, ಅರ್ಧ ಡಜನ್ ಸಾಕು ಎನ್ನುತ್ತಾರೆ.